ಏಳನೇ ಲೇನು

ಪೆಲ್ಟೋನೆನ್ ಅವರ ಬೌಲಿಂಗ್ ಮನೆ ಕೆಡವಿದ ವಾರ
ಅಡಿಗೆ ಹನ್ನೆರಡು ಡಾಲರಿನಂತೆ ಲೇನು ಕೊಯ್ದು ಮಾರಿದರು.
ಏಳಡಿ ಬೇಕು, ಬಡಗಿ ಬೆಂಚಿಗೆ, ಎಂದೆ.
ಯಾವುದರಲ್ಲಿ ಕೊಯ್ಯಲಿ, ಎಲ್ಲಾ ಒಂದೇ ಮರ, ಎಂದ ಕೆಲಸದವನು.
ಏಳನೆಯದರಲ್ಲಿ, ಎಂದ ಬೆನ್ನ ಹಿಂದಿನಿಂದ ನಮ್ಮಣ್ಣ ತಾಪಿಯೋ,
ಕಟುಕನಂಗಡಿಯಲ್ಲಿ ಇಂಥದೇ ತುಂಡು ಎಂದು ಬೆರಳು ಚಾಚುವವನ ಹಾಗೆ.
ಬೆರಳ ತುದಿಯಾಚೆ ಅವನಿಗೀಗ ಹೆಚ್ಚು ಕಾಣುವುದಿಲ್ಲ.

ಮೇಪಲ್ ಪಟ್ಟಿಗಳು, ಮಗ್ಗುಲಿಗೆ ಮಗ್ಗುಲು ಹಲ್ಲು ಕಚ್ಚಿ ನಿಂತಂತೆ,
ಒಂದರ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ ಮೊಳೆ.
ಹೊರಗೆ ಕಾಣುವುದಿಲ್ಲ,
ಗರಗಸ ಚೀರಿದಾಗಲೇ ತಿಳಿಯುವುದು.
ಒಂದು ತುದಿ ಚೌಕವಾಗುವಷ್ಟರಲ್ಲಿ
ಮೂರು ಗರಗಸದ ಚಕ್ರಗಳಿಗೆ ಹಲ್ಲುದುರಿ ಮುಪ್ಪು.
ಫಿನ್ನಿಶ್‌ನಲ್ಲಿ ಬಯ್ದೆ.
ನನಗೆ ಉಳಿದಿರುವ ಫಿನ್ನಿಶ್ ಅಷ್ಟೇ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಬೆನ್ನ ಹಿಂದೆ ಯಾವಾಗಲೂ ಯಾರದೋ ಗಲಾಟೆ.
ಮರ ಹಿಡಿದದ್ದೇ ಒಂದಿಷ್ಟು ಸದ್ದಿಲ್ಲದೆ ಇರಲಿಕ್ಕೆ.
ಈಗ ಗ್ಯಾರೇಜಿನ ಮೂಲೆಯಲ್ಲಿ, ಮಡಿಸುವ ಕುರ್ಚಿಯ ಮೇಲೆ,
ಹೀಟರಿಗೆ ಮೊಣಕಾಲು ಒಡ್ಡಿಕೊಂಡು, ತಾಪಿಯೋ.

ಹನ್ನೊಂದರ ವಯಸ್ಸಿನಲ್ಲಿ ಅವನು ಏಳನೇ ಲೇನಿನ ಕೊನೆಗೆ
ಗುಂಡಿಯ ಮೇಲಿನ ದಿಂಡಿನಲ್ಲಿ ಕಾಲೆತ್ತಿ ಕೂರುತ್ತಿದ್ದ.
ಚೆಂಡು ಬಂದು ಅಪ್ಪಳಿಸಿದ ಮೇಲೆ ಇಳಿಯುವುದು,
ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸುವುದು, ಮತ್ತೆ ಹತ್ತುವುದು.
ಆಟಕ್ಕೆ ಏಳು ಸೆಂಟು.
ಊರೆಲ್ಲ ಈ ಹಲಗೆಯನ್ನು ಎಸೆಯುವ ತುದಿಯಿಂದ ನೋಡಿತು,
ಅವನು ನೋಡಿದ್ದು ಬಂದು ಬೀಳುವ ತುದಿಯಿಂದ.
ಮೊದಲು ಸದ್ದು, ಆಮೇಲೆ ಕಪ್ಪು, ಆಮೇಲೆ
(ಕಾಲೆತ್ತಲು ಮರೆತ ದಿನ) ಮೊಣಕಾಲು.

ಲ್ಯಾಕರು ಕೆರೆಯಲು ಎರಡು ದಿನ ಹಿಡಿಯಿತು.
ಎರಡು ನೇರ ಕೋಲು ಎರಡು ತುದಿಗಿಟ್ಟು
ಒಂದರ ತಲೆಯ ಮೇಲಿಂದ ಇನ್ನೊಂದನ್ನು ನೋಡಿದೆ:
ಎಡಮೂಲೆ ಸೊಟ್ಟ, ಕೂದಲೆಳೆಗಿಂತ ತುಸು ಜಾಸ್ತಿ.
ಕೀಸುಳಿ ಹಿಡಿದು ಓರೆಯಾಗಿ, ಮೂಲೆಯಿಂದ ಮೂಲೆಗೆ.
ಮೇಪಲ್ ಅಷ್ಟು ಸುಲಭಕ್ಕೆ ಸಿಪ್ಪೆ ಬಿಡುವುದಿಲ್ಲ, ಜಿಪುಣನ ಮರ,
ಈರುಳ್ಳಿ ಪೊರೆಯಷ್ಟು ಕೊಡುತ್ತದೆ, ಅದನ್ನೂ ಹಿಡಿದೆಳೆದು.
ತಾಪಿಯೋ ಎದ್ದು ಬಂದು ಅಂಗೈಯಲ್ಲಿ ಸವರುತ್ತಾನೆ.
ಇಲ್ಲಿ ತಗ್ಗು.
ಉಕ್ಕಿನ ಪಟ್ಟಿ ಇಟ್ಟರೆ ಅಲ್ಲೇ, ಅವನ ಹೆಬ್ಬೆರಳ ಕೆಳಗೆ, ಬೆಳಕು ತೂರುತ್ತದೆ.

ಬಾಣಗಳ ಜಾಗ ಬಂತು. ಕಪ್ಪು ಮರದವು, ಮೂರು.
ಕೀಸಿದಷ್ಟೂ ಇದ್ದವು, ಬಣ್ಣವಲ್ಲ, ಆಳಕ್ಕೆ ಕೂರಿಸಿದ್ದು.
ಯಾವ ಕಡೆ ತೋರಿಸ್ತಿವೆ? ಎಂದ.
ನಿನ್ನ ಕಡೆ, ಎಂದೆ.
ಕುರ್ಚಿ ಸರಿಸಿಕೊಂಡ.

ಭಾನುವಾರ ಕ್ಲೂಟಿಯರ್ ಮನೆಯ ಹುಡುಗರು ಬಂದು
ಹಲಗೆ ಎತ್ತಿ ಕಾಲುಗಳ ಮೇಲೆ ಕೂರಿಸಿ
ಒಂದೊಂದು ಬಿಯರಿನ ಜೊತೆ ಹೋದರು.
ತಾಪಿಯೋ ತಂದಿದ್ದ ಹದಿನಾಲ್ಕು ಪೌಂಡಿನ ಚೆಂಡನ್ನು
ನಟ್ಟನಡುವೆ ಇಟ್ಟು ಕೈ ಬಿಟ್ಟೆ.
ಒಂದು ಗಳಿಗೆ ಯೋಚಿಸಿತು.
ಮತ್ತೆ ಪೂರ್ವಕ್ಕೆ ಹೊರಳಿತು, ಅವಸರವಿಲ್ಲದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಆದರೆ ಹಲಗೆ ಸಪಾಟು, ಅಳೆದವಳು ನಾನು,
ರಸಮಟ್ಟದ ಗುಳ್ಳೆ ಮಾತ್ರ ಪಶ್ಚಿಮಕ್ಕೆ ಓಡಿ ಕೂತಿತ್ತು.
ಈ ಊರಿನಡಿಯೆಲ್ಲ ಟೊಳ್ಳು. ಅಪ್ಪ ಅದಿರು ತೋಡಿದ ಸುರಂಗ
ನಮ್ಮ ಗ್ಯಾರೇಜಿನ ಕೆಳಗೇ ಎಲ್ಲೋ ಹಾದಿದೆಯಂತೆ.
ಸಿಮೆಂಟು ವರ್ಷಕ್ಕಿಷ್ಟು ಕುಸಿಯುತ್ತದೆ.
ನೆಲ ಡೊಂಕೇ. ಡೊಂಕು ಮಾಡಿದವರೂ ನಮ್ಮವರೇ.

ಇದನ್ನೆಲ್ಲ ಯೋಚಿಸುವಷ್ಟರಲ್ಲಿ
ಚೆಂಡು ಮೇಪಲ್ ಮೇಲೆ ಆ ಹಳೆಯ ಸದ್ದು ಮಾಡುತ್ತ
ಅಂಚಿಗೆ ಬಂದಿತ್ತು. ತೋಳು ಅಡ್ಡ ಹಾಕಿ ಹಿಡಿದೆ.
ತಿರುಗಿದರೆ ಕುರ್ಚಿಯಲ್ಲಿ ತಾಪಿಯೋ
ಎರಡೂ ಕಾಲು ಮೇಲೆತ್ತಿ, ಕಣ್ಣು ಮುಚ್ಚಿ.

ಹಿಡಿದಿದ್ದೀನಿ, ಎಂದೆ.
ಇಳಿಸಲು ಅವನಿಗೆ ತುಸು ಹೊತ್ತು ಬೇಕಾಯಿತು.
ನಾಳೆ ಪೂರ್ವದ ಕಾಲಿಗೆ ಬೆಣೆ ಕೊಡಬೇಕು.