ಮೈಗಳ್ಳಿ

ರೊವಟಾನ್ ದ್ವೀಪದಲ್ಲಿ ನನಗಿದ್ದದ್ದು ಮೂರೇ ದಿನ.
ಮೂರು ದಿನಕ್ಕೆ ನಾಲ್ಕು ಸ್ಲಾತ್ ಧಾಮಗಳ ಪಟ್ಟಿ.
ಲೋಕದಲ್ಲೇ ನಿಧಾನದ ಪ್ರಾಣಿಯನ್ನು ನೋಡಲು
ಏದುಸಿರು ಬಿಡುತ್ತ ಓಡಾಡಿದೆ.

ಸ್ಪಾನಿಷಿನಲ್ಲಿ ಇದರ ಹೆಸರೇ ಸೋಮಾರಿ, ಎಂದಳು ದಿಲ್ಸಿಯಾ.
ನಿಮ್ಮ ಮಾತಿನಲ್ಲಿ?
ನಮ್ಮ ಕಡೆ ಈ ಪ್ರಾಣಿಯೂ ಇಲ್ಲ, ಹೆಸರೂ ಇಲ್ಲ.
ಸೋಮಾರಿಗೆ ಮಾತ್ರ ಇನ್ನೊಂದು ಮಾತಿದೆ, ಮೈಗಳ್ಳ.
ಹಾಗೆಂದರೆ?
ಮೈಯನ್ನು ಕದ್ದವನು.
ಯಾರ ಮೈ?
ತಡವರಿಸಿದೆ. ತನ್ನದೇ ಇರಬೇಕು.
ಅವಳು ನಕ್ಕು,
ಡೋನ್ಯಾ ಚೆಪಾಳ ಉಗುರುಗಳನ್ನು ಕೊಂಬೆಯಿಂದ
ಒಂದೊಂದಾಗಿ ಬಿಡಿಸಿ
ನನ್ನ ಹೆಗಲಿಗೆ ಸಿಕ್ಕಿಸಿದಳು.

ನಾಲ್ಕು ಕಿಲೋ ಇರಬಹುದು.
ಬೆನ್ನ ಕೂದಲಲ್ಲಿ
ಬಚ್ಚಲ ಕಲ್ಲಿನ ಮೇಲಿರುವಂಥ ಪಾಚಿಹಸಿರು.
ಕುತ್ತಿಗೆ ತಿರುಗಿತು, ತಿರುಗುತ್ತಲೇ ಇತ್ತು,
ನನ್ನ ಕಿವಿಯ ಹತ್ತಿರ ಬಂದು ನಿಂತಿತು.
ನಗ್ತಿದೆ ನೋಡಿ, ನಗ್ತಿದೆ! ಎಂದರು ಸಾಲಿನಲ್ಲಿದ್ದವರು.
ನಗುವಲ್ಲ, ಬಾಯಿ ಇರುವುದೇ ಹಾಗೆ,
ದಿನಕ್ಕೆ ಇನ್ನೂರು ಸಲ ಹೇಳಿ ಸವೆದ ದನಿಯಲ್ಲಿ
ದಿಲ್ಸಿಯಾ ಹೇಳಿದಳು.
ಎದೆಗೆ ಎದೆ ತಾಗಿತ್ತು.
ಅಷ್ಟು ನಿಧಾನದ ಮೈಯೊಳಗೆ
ಅದೊಂದು ಮಾತ್ರ ಓಡುತ್ತಿತ್ತು.

ಫೋಟೊದಲ್ಲಿ ಅದು ಬಂದಿಲ್ಲ.
ಫೋಟೊದಲ್ಲಿ ನಾವಿಬ್ಬರೂ ನಗುತ್ತಿದ್ದೇವೆ.

ನಾಲ್ಕು ಗಂಟೆಗೆ ಹಡಗು ಕೂಗುವ ತನಕ
ಹೆಗಲಿನಿಂದ ಹೆಗಲಿಗೆ, ಹೆಗಲಿನಿಂದ ಹೆಗಲಿಗೆ.
ಆಮೇಲೆ ದಿಲ್ಸಿಯಾ ಚಪ್ಪಲಿ ಕಳಚಿ ಕೂತು
ಬಾಲೆಯಾದ ಬಿಡಿಸಿ ತಿಂದಳು, ನನಗೂ ಅರ್ಧ ಹರಿದು ಕೊಟ್ಟಳು.
ನಾವಿಬ್ಬರೂ ಲಾ ಸೇಬಾದಿಂದ ಬಂದವರು, ಒಂದೇ ಫೆರ್ರಿ.
ನನಗೆ ಟಿಕೆಟ್ ಇತ್ತು, ಇವಳಿಗೆ ಗೋಣಿಚೀಲ.
ಇಲ್ಲಿಯವರೆಂದು ನಿಮಗೆ ಹೇಳಿರುತ್ತಾರೆ.

ಎರಡನೆಯದರಲ್ಲಿ ಕೋತಿ ನನ್ನ ಕನ್ನಡಕ ಕಿತ್ತಿತು.
ಮೂರನೆಯದು ಮುಚ್ಚಿತ್ತು. ಗೇಟಿಗೆ ಒಂದು ನಾಯಿ.

ನಾಲ್ಕನೆಯದಕ್ಕೆ ಬೋರ್ಡೇ ಇಲ್ಲ.
ಆರ್ಲಿ ಬಾಡೆನ್‌ನ ಹಿತ್ತಿಲು, ಹಿತ್ತಿಲ ಹಿಂದೆ ಗುಡ್ಡ,
ಗುಡ್ಡದ ತುಂಬ ಅವನೇ ನೆಟ್ಟ ಗ್ವಾರುಮೊ ಮರ.
ಮೂವತ್ತು ವರ್ಷ ಸಿಗಡಿ ದೋಣಿಯಲ್ಲಿ ಮೈ ಬಗ್ಗಿಸಿ ದುಡಿದು
ವಿಂಚಿಗೆ ಎರಡು ಬೆರಳು ಕೊಟ್ಟವನು.
ಉಳಿದ ಮೂರರಲ್ಲಿ ಮೇಲೆ ತೋರಿಸಿದ.
ಇದ್ದಾಳೆ.
ಯಾರೋ ಸಾಕಿ, ಬೇಡವೆಂದು ಬಿಟ್ಟುಹೋದವಳು.
ಮುಟ್ಟುವ ಹಾಗಿಲ್ಲ, ಕರೆಯುವ ಹಾಗಿಲ್ಲ,
ಹೆಸರಿಟ್ಟಿಲ್ಲ.

ಒಂದೂವರೆ ಗಂಟೆ.
ಕತ್ತು ಉಳುಕಿತು. ಮರಳುನೊಣ ಕಾಲು ತಿಂದವು.
ಎಲೆಯ ನಡುವೆ ಕಪ್ಪಗಿದ್ದದ್ದನ್ನು ಹನ್ನೊಂದು ಸಲ ಕ್ಲಿಕ್ಕಿಸಿದೆ.
ಅದು ಗೆದ್ದಲಗೂಡು, ಎಂದ ಆರ್ಲಿ, ಗಂಭೀರವಾಗಿ.
ವಾರಕ್ಕೊಮ್ಮೆ ಇಳಿದು ಬರುತ್ತಾಳಂತೆ,
ಮರದ ಬುಡದಲ್ಲಿ ಕೂತು, ಮುಗಿಸಿಕೊಂಡು,
ಮತ್ತೆ ಅಷ್ಟೂ ದೂರ ಹತ್ತುತ್ತಾಳಂತೆ.
ನಿನ್ನೆಯಷ್ಟೇ ಇಳಿದಿದ್ದಳು.
ಅಂದರೆ ಇನ್ನು ಆರು ದಿನ.
ನನ್ನ ವಿಮಾನ ನಾಳೆ.

ತೆಂಗಿನ ಹಾಲಿನ ಬ್ರೆಡ್ ಮುರಿಯುತ್ತಿದ್ದಾಗ
ಒಂದು ತೋಳು ಹೊರಗೆ ಬಂತು.
ಬಂದು, ಅವಸರವೇ ಇಲ್ಲದೆ ಚಾಚಿ,
ಒಂದು ಎಲೆಯ ಕುತ್ತಿಗೆ ಹಿಡಿದು
ಒಳಕ್ಕೆಳೆದುಕೊಂಡಿತು.
ಮತ್ತೆ ಎಲೆ, ಎಲೆ, ಎಲೆಯ ಹಿಂದೆ ಬಿಸಿಲು.

ಎಷ್ಟು ಕೊಡಲಿ? ಎಂದೆ.
ಎಷ್ಟು ನೋಡಿದೆ?
ಒಂದು ತೋಳು.
ಹಾಗಾದರೆ ತೋಳಿನಷ್ಟು ಕೊಡು.

ರಾತ್ರಿ ಬಿಡಾರದ ನಲ್ಲಿಯಲ್ಲಿ ಅಂಗಿ ತೊಳೆಯುವಾಗ ಕಂಡಿತು,
ಹೆಗಲ ಹತ್ತಿರ ಮೂರು ನೂಲು ಎದ್ದಿವೆ.
ನನ್ನನ್ನು ಅಪ್ಪಿದ್ದಲ್ಲ ಅದು.
ಬೀಳಬಾರದೆಂದು,
ಸಿಕ್ಕ ಕೊಂಬೆಯನ್ನು ಹಿಡಿದದ್ದು.

ಎಳೆದರೆ ಬಿಚ್ಚಿಕೊಳ್ಳುತ್ತದೆ, ಕತ್ತರಿಸಿದರೆ ತೂತು.
ಹಾಗೇ ಒಣಹಾಕಿದೆ.
ಯಾರ ಮೈ, ಎಂದು ಕೇಳಿದ್ದಳಲ್ಲ ಅವಳು.