ನಾಲ್ಕು ಗಂಟೆಗೊಂದು ಚುಕ್ಕಿ

ತಾಳವಾಡಿ ಬಸ್ ನಿಲ್ದಾಣದ ಎದುರು ಮಹಡಿ ಕೋಣೆ.
ಕೆಳಗೆ ತಮಿಳಿನಲ್ಲಿ ಬೋರ್ಡು, ಕನ್ನಡದಲ್ಲಿ ಜಗಳ.
ಬೆಳಗಿನ ಆರೂಕಾಲಿಗೆ ಲ್ಯಾಪ್‌ಟಾಪು ತೆರೆದರೆ
ಇರುಳೆಲ್ಲ ಅವಳು ಉದುರಿಸಿದ ಚುಕ್ಕಿಗಳು:
ಹತ್ತು ಗಂಟೆಯದು ಕಬ್ಬಿನ ಗದ್ದೆಯ ಅಂಚಿಗೆ,
ಎರಡರದು ಬತ್ತಿದ ಹಳ್ಳದ ಮರಳಲ್ಲಿ,
ಆರರದು ಇನ್ನೂ ಬಿಸಿ.

ಚುಕ್ಕಿಯಿಂದ ಚುಕ್ಕಿಗೆ ಯಂತ್ರ ಗೆರೆ ಎಳೆಯುತ್ತದೆ,
ಮೂರನೇ ಕ್ಲಾಸಿನ ಹುಡುಗ ಅಡ್ಡಪಟ್ಟಿ ಇಟ್ಟ ಹಾಗೆ.
ಆನೆ ಹಾಗೆ ನಡೆಯುವುದಿಲ್ಲ.
ಗೆರೆ ತಪ್ಪು ಎಂದು ಬರೆಯಲು ನನಗೆ ಸಂಬಳ,
ಎಲ್ಲಿ ತಪ್ಪಿತೆಂದು ತೋರಿಸಲು
ಕ್ಯಾತಯ್ಯನಿಗೆ ದಿನಗೂಲಿ.

ಫಾರಮಿನಲ್ಲಿ ಅವಳು ಎಫ್ ನಾಲ್ಕು.
ಅವನಿಗೆ ಸೀಳುಗಿವಿ.
"ಕತ್ತುಗ ಪಟ್ಟಿ ಕಟ್ದೋರು ಹೆಸ್ರೂ ಮಡಗಬೇಕು ಕವ್ವ,
ನಂಬರ್ ಮಡಗುದ್ರ ಬಸ್ಸಾಗೋಯ್ತದ"
ಎನ್ನುತ್ತ ಲದ್ದಿಯೊಳಗೆ ಬೆರಳಿಳಿಸಿ
ಅಂಬಲಿ ಆರಿತೇ ಎಂದು ನೋಡುವ ಹಾಗೆ ನೋಡುತ್ತಾನೆ.
ಹುಣಸೆ ಬೀಜ, ಕಗ್ಗಲಿ ತೊಗಟೆಯ ನಾರು,
ಎರಡು ರೂಪಾಯಿ ಶಾಂಪೂ ಪೊಟ್ಟಣ,
ಒಂದು ಇಡೀ ಬೇಲದ ಹಣ್ಣು.
ಆನೆ ನುಂಗಿದ ಬೇಲ ಒಳಗೆ ಬರಿದು ಅಂತ
ಮೇಷ್ಟ್ರು ಹೇಳಿಕೊಟ್ಟ ಗಾದೆ ನಾನು ಹೇಳಿದೆ.
ಕಲ್ಲಿಗೆ ಕುಟ್ಟಿ ಒಡೆದು ಅಂಗೈಗೆ ಸುರಿದ:
ತಿರುಳೂ ಇತ್ತು, ಬೀಜವೂ ಇತ್ತು.

ಫಾರಮಿನ ಐದನೇ ಕಲಮು: ಬಳಕೆ.
ಮೇವು, ನೀರು, ನೆರಳು, ದಾರಿ. ಒಂದಕ್ಕೆ ಗುರುತು ಹಾಕಿ.
ದಿಂಡಿಗದ ತೋಪಿಗೆ ನೆರಳು.
ಸಿಪ್ಪೆ ಸುಲಿದ ದಡಸಲಿಗೆ ಮೇವು.
ಎರಡು ರಾಜ್ಯದ ನಡುವೆ ನೆಟ್ಟ ಗಡಿಕಲ್ಲಿಗೆ?
ಅದರ ನೆತ್ತಿಯಿಂದ ಬುಡದವರೆಗೆ ಕೆಮ್ಮಣ್ಣು,
ಅಂಟಿದ ಒರಟು ಕೂದಲು ಮೂರು.
ತುರಿಕೆ ಎಂಬ ಕಲಮು ಇಲ್ಲ.
ಇತರೆ ಎಂದು ಬರೆದೆ.

ಹನ್ನೊಂದು ದಿನ ಸಂಜೆ ಆರರ ಚುಕ್ಕಿ
ಗೇರ್ಮಾಳದ ದಾರಿಯ ಲಂಟಾನ ಪೊದೆಯೊಳಗೇ ಬಿತ್ತು.
ವಿಶ್ರಾಂತಿ, ನಾನು ಬರೆದೆ. ಹನ್ನೊಂದು ಸಲ.
ಹನ್ನೆರಡನೇ ಸಂಜೆ ಚೆಲುವರಾಯಿಯ ಅಟ್ಟಣೆ ಹತ್ತಿ ಕೂತೆವು.
ಒಂಬತ್ತೂ ಮುಕ್ಕಾಲಿಗೆ ತ್ರೀ ಫೇಸು ಬಂತು.
ಅವಳು ಟಾರ್ಚು ಹಿಡಿದು ಮೋಟಾರು ಹಾಕಲು ಇಳಿದು ಹೋದಳು
ಬಾಳೆಯ ಆಚೆ ತುದಿಗೆ, ಗೊಣಗುತ್ತ.
ಪಂಪು ಗುಂಯ್ ಎಂದಿತು.
ಆಗ ಅಲುಗಿತು ಪೊದೆ.
ಕಬ್ಬು ಮುರಿಯುವ ಸದ್ದು
ಪಂಪಿನ ಸದ್ದಿನೊಳಗೆ ಸರಿಯಾಗಿ ಕೂತಿತು.

ಕ್ಯಾತಯ್ಯ ನಗಲಿಲ್ಲ. ಬೀಡಿಯನ್ನೂ ಹಚ್ಚಲಿಲ್ಲ.
ಕರೆಂಟಿನವರು ವಾರಕ್ಕೊಮ್ಮೆ ಸಮಯ ಬದಲಿಸುತ್ತಾರೆ,
ಚೆಲುವರಾಯಿಗೇ ನೆನಪಿರುವುದಿಲ್ಲ.
ನಮ್ಮ ಕೊರಳಿಗೆ ಯಾವ ಪಟ್ಟಿಯನ್ನೂ ಕಟ್ಟದೆ
ಆ ಪೊದೆಯೊಳಗೆ ನಿಂತು ಸೀಳುಗಿವಿ
ಏನೇನು ಗುರುತು ಹಾಕಿಕೊಂಡಿದ್ದಾಳೋ:
ಕೆಮ್ಮು, ಟಾರ್ಚು, ಧಾರಾವಾಹಿ ಮುಗಿಯುವ ಹೊತ್ತು,
ಇವತ್ತು ಅಟ್ಟಣೆಯಲ್ಲಿ ಮೂವರು, ಒಬ್ಬಳು ಹೊಸಬಳು.

ಮಾರನೇ ದಿನ ಎರಡು ಗಂಟೆಯ ಚುಕ್ಕಿಗೆ ಹೋದೆವು.
ಹಳ್ಳದಲ್ಲಿ ನೀರಿಲ್ಲ; ಶಿವರಾತ್ರಿಗೂ ಮುಂಚೆ ಬತ್ತಿದ್ದು.
ಮರಳಿನಲ್ಲಿ ಮೊಣಕಾಲುದ್ದ ಗುಂಡಿ,
ಅಂಚಿಗೆ ಅಗಲ ಹೆಜ್ಜೆ, ಅದರೊಳಗೆ ಮರಿಯ ಹೆಜ್ಜೆ,
ಅದರೊಳಗೆ ನವಿಲಿನದು, ಆಡಿನದು,
ಎಡಮಡಿ ಹವಾಯಿ ಚಪ್ಪಲಿಯದು.
ತಳದಲ್ಲಿ ಒಂದು ಗೇಣು ನೀರು, ತಿಳಿ.

ದುಂಡಮ್ಮ ಚೊಂಬಿನಿಂದ ಮೊಗೆದು ಕೊಡಕ್ಕೆ ಸುರಿಯುತ್ತಿದ್ದಳು.
ಮುಳ್ಳು ಮುಚ್ಚಿಡಬಾರದೇ, ದನ ತುಳಿಯುತ್ತದೆ, ಅಂದೆ.
"ತೋಡ್ದೋಳು ರಾತ್ರ ಬತ್ತಾಳಲ್ಲ" ಅಂದಳು,
ಸಿಂಬೆ ಸರಿಮಾಡಿಕೊಂಡು ಹೊರಟಳು.

ಕ್ಯಾತಯ್ಯ ಮಂಡಿಯೂರಿ ಬೊಗಸೆಯೊಡ್ಡಿದ.
ನಾನೂ ಕುಡಿದೆ. ಕಬ್ಬಿಣದ ರುಚಿ.
ನೀರು ಎಂದು ಗುರುತು ಹಾಕಿ ಹೊತ್ತು ಬರೆದೆ:
ಮಧ್ಯಾಹ್ನ ಹನ್ನೆರಡೂ ಹತ್ತು.
ಯಾರ ಬಳಕೆ ಎಂದು ಫಾರಮು ಕೇಳುವುದಿಲ್ಲ.
ಗಡಿಯಾರ ನೋಡಿದೆ.
ಮುಂದಿನ ಚುಕ್ಕಿಗೆ ಇನ್ನೂ ಐವತ್ತೇ ಐವತ್ತು ನಿಮಿಷ ಕಮ್ಮಿ ಎರಡು ಗಂಟೆಯ ಮೇಲಿತ್ತು, ಅಥವಾ ಅಷ್ಟೂ ಇರಲಿಲ್ಲ;
ಬಿಸಿಲಿಗೆ ಲೆಕ್ಕ ತಪ್ಪಿತ್ತು.