ಪಕ್ಕದ ನಂಬರು

ಮೂವತ್ತೆರಡು ವರ್ಷ ಹಲಸೂರಿನ ಮೀಟರು ಓದಿದವನು ನಾನು.
ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರಿನ ಹಿಂದೆ,
ನಾಯಿ ಕಟ್ಟಿದ ಕಂಬಿಯ ಪಕ್ಕ ಕುಕ್ಕರಗಾಲಲ್ಲಿ ಕೂತು
ಟಾರ್ಚು ಹಾಕಿ, ಧೂಳು ಒರೆಸಿ,
ಗಾಜಿನೊಳಗಿನ ಅಂಕಿಯನ್ನು ಕಾರ್ಡಿಗೆ ಇಳಿಸಿದವನು.
ಮನೆಯವರ ಹೆಸರು ಗೊತ್ತಿಲ್ಲ.
ಆರ್.ಆರ್. ನಂಬರು ಗೊತ್ತು.

ಹಾಗಾಗಿ ಸಂಡೇ ಬಜಾರಿನ ಗೋಣಿತಾಟಿನ ಮೇಲೆ
ತುಕ್ಕು ಸ್ಪ್ಯಾನರುಗಳ ನಡುವೆ
ಒಂದು ಜೋರ್ಕಿ ಮಗುಚಿ ಬಿದ್ದಿದ್ದಾಗ
ನಾನು ಮೊದಲು ನೋಡಿದ್ದು ಲೆನ್ಸನ್ನಲ್ಲ.
ಬೆನ್ನು ಒರೆಸಿ ಓದಿದೆ: 64037215.
ಮೊದಲೆರಡು ಅಂಕಿ ಹುಟ್ಟಿದ ವರ್ಷ. ನನ್ನದೂ ಅದೇ.
ಆರುನೂರು ಅಂದ, ನಾನೂರಕ್ಕೆ ಕೊಟ್ಟ.

ಈಗ ಬೀರುವಿನಲ್ಲಿ ಹನ್ನೊಂದು.
ಏಳು ಜೋರ್ಕಿ, ಮೂರು ಫೆಡ್, ಮತ್ತೊಂದು ಫೆಡ್ಡು
ಲೈಕಾ ಅಂತ ಮೈಮೇಲೆ ಹೆಸರು ಕೆತ್ತಿಸಿಕೊಂಡು ಬಂದದ್ದು.
ಅದರ ನಂಬರೂ ಸುಳ್ಳು.
ಸುಳ್ಳು ಅಂತಲೇ ಒಂದು ಕಾಲಮ್ಮು ಎಳೆದು ಬರೆದುಕೊಂಡಿದ್ದೇನೆ.
"ಫೋಟೋ ಯಾವಾಗ ತೆಗೀತೀರಿ?" ಅಂತ ವಿಶಾಲು.
ತೆಗೆಯುವುದಿಲ್ಲ. ಶಟರು ಎಳೆಯುತ್ತೇನೆ, ಬಿಡುತ್ತೇನೆ,
ಒದ್ದೆ ಬಟ್ಟೆ ಕೊಡವಿದ ಹಾಗೆ ಒಂದು ಸದ್ದು.
ಎಳೆಯದೆ ವೇಗ ತಿರುಗಿಸಬಾರದು, ಒಳಗೆ ಹಲ್ಲು ಮುರಿಯುತ್ತದೆ.
ನನಗೆ ಗೊತ್ತಿರುವುದು ಇಷ್ಟೇ.

ಶಿವಾಜಿನಗರದ ಓಪಿಎಚ್ ರೋಡಿನ ಗೌಸ್ ಪೀರ್
ಹೊಲಿಗೆ ಮಿಷನ್ನು ರಿಪೇರಿಯವನು.
ಅವನಪ್ಪ ಕ್ಯಾಮೆರಾ ಬಿಚ್ಚುತ್ತಿದ್ದರಂತೆ.
ಒಂದು ರಾತ್ರಿ ಅವನ ಫೋನು:
"ಸಾರ್, ಅಟ್ಟದಲ್ಲಿ ಒಂದು ಸಿಕ್ತು. ನಿಮ್ಮ ಬುಕ್ಕು ತೆಗೀರಿ.
ಅರವತ್ನಾಲ್ಕು, ಸೊನ್ನೆ, ಮೂರು, ಏಳು, ಎರಡು, ಒಂದು, ಆರು."

ಎದ್ದು ನಿಂತೆ.
ಪಕ್ಕದ್ದು!
ಒಂದೇ ಮೇಜು, ಒಂದೇ ಬೆಳಗು.
ನನ್ನದರ ಕೊನೆಯ ಸ್ಕ್ರೂ ಬಿಗಿದ ಹೆಂಗಸು
ಕೈ ಉಜ್ಜಿಕೊಂಡು ಅದನ್ನು ಎತ್ತಿಕೊಂಡಿರಬೇಕು.
ಕ್ರಾಸ್ನೊಗೋರ್ಸ್ಕಿನ ಹಿಮ ನಾನು ಕಂಡವನಲ್ಲ.
ಆ ರಾತ್ರಿ ಜೋಗುಪಾಳ್ಯದಲ್ಲಿ
ಫ್ರಿಜ್ಜಿನ ಬಾಗಿಲು ತೆಗೆದು ಸುಮ್ಮನೆ ನಿಂತಿದ್ದೆ.

ಬೆಳಿಗ್ಗೆ ಅವನ ಅಂಗಡಿ. ಎರಡು ಅರ್ಧ ಚಹಾ.
ಬಾಬಿನ್ನು ಸೂಜಿಗಳನ್ನು ಸರಿಸಿ
ಪಕ್ಕಪಕ್ಕ ಇಟ್ಟೆವು.
ಏನೂ ಆಗಲಿಲ್ಲ. ಏನಾಗಬೇಕಿತ್ತೋ.
ಕಣ್ಣಿಗಿಟ್ಟು ನೋಡಿದೆ: ಇಬ್ಬರು ಗೌಸ್ ಪೀರ್,
ಒಬ್ಬ ಗಟ್ಟಿ, ಒಬ್ಬ ಹಳದಿ ದೆವ್ವ;
ಲೆನ್ಸು ತಿರುಗಿಸಿದರೆ ದೆವ್ವ ಜಾರುತ್ತ ಬಂದು
ಅವನ ಮೈ ಹೊಕ್ಕಿತು.

ಆಮೇಲೆ ಅವನಪ್ಪನ ಭೂತಗನ್ನಡಿ ಇಸಿದುಕೊಂಡೆ,
ಹಳೇ ಚಾಳಿ.
ಅದು ಮೂರಲ್ಲ.
ಎಡಬದಿಯ ಕಪ್ಪು ಬಣ್ಣ ಉದುರಿ
ಬಾಯಿ ಬಿಟ್ಟುಕೊಂಡ ಎಂಟು.
(ನಮ್ಮ ೩ಕ್ಕೂ ೮ಕ್ಕೂ ಈ ತಕರಾರಿಲ್ಲ,
ನಮ್ಮ ಜಗಳವೆಲ್ಲ ೬ಕ್ಕೂ ೯ಕ್ಕೂ.)
ಕಳೆದರೆ ಐವತ್ತು ಸಾವಿರದ ಒಂದು,
ಮುಯ್ಯಿಯ ಕವರಿಗೆ ಸೇರಿಸುವಂಥ ಒಂದು.
ಜೋರ್ಕಿ ಅಂದರೆ ಆ ಭಾಷೆಯಲ್ಲಿ ಚುರುಕುಗಣ್ಣಂತೆ.

"ಬಿಡಿ ಸಾರ್. ಪಕ್ಕದ್ದೇ ಅಂದ್ಕೊಳ್ಳಿ. ಯಾರು ಕೇಳ್ತಾರೆ?"

ಯಾರು ಕೇಳುತ್ತಾರೆ.
ತೊಂಬತ್ತೆಂಟರಲ್ಲಿ ಟೈಲರ್ ಏಳುಮಲೈಯ ಮೀಟರಿನಲ್ಲಿ
ನಾನೊಂದು ಮೂರನ್ನು ಎಂಟು ಅಂತ ಓದಿದ್ದೆ.
ಐನೂರು ಯೂನಿಟ್ಟು, ಅವನು ಉರಿಸದ ದೀಪಕ್ಕೆ.
ಕತ್ತಿನಲ್ಲಿ ಟೇಪು ಹಾಗೇ ನೇತಾಡುತ್ತಿರಲು
ಮೂರು ದಿನ ನಮ್ಮ ಆಫೀಸಿನ ಸಾಲಿನಲ್ಲಿ ನಿಂತ.
ತಿದ್ದಿ ಕೊಟ್ಟರು.
ಅಲ್ಲಿಂದಾಚೆ ನಾನು ಹೋದಾಗೆಲ್ಲ
ಅವನೇ ಬಂದು ಟಾರ್ಚು ಹಿಡಿಯುತ್ತಿದ್ದ.
ಒಂದು ಮಾತಿಲ್ಲ. ಬರೀ ಟಾರ್ಚು.

ಪುಸ್ತಕದಲ್ಲಿ ಮೂರು ಹೊಡೆದುಹಾಕಿ ಎಂಟು ಬರೆದೆ,
ತಿದ್ದಿದ ಕಡೆ ಚಿಕ್ಕ ರುಜು.
ಗೌಸ್ ಪೀರ್ ದುಡ್ಡು ಮುಟ್ಟಲಿಲ್ಲ,
ಚಹಾದ ಕಾಸೂ ಅವನದೇ.
ಬೀರುವಿನಲ್ಲಿ ಎರಡನ್ನೂ ಒಂದೇ ಹಲಗೆಗೆ ಇಟ್ಟಿದ್ದೇನೆ,
ನಡುವೆ ಒಂದು ಬೆರಳು ಜಾಗ ಬಿಟ್ಟು,
ಆ ಐವತ್ತು ಸಾವಿರಕ್ಕೆ.